ನೀರು ಹಾಕಿ ಹಾಕಿ ಕೊಂದ ಗಿಡ, ಬಿಟ್ಟು ಬೆಳೆಸಿದ ಗಿಡ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಮ್ಮ ಹಿತ್ತಲಿನ ಬೇಲಿ ಪಕ್ಕ ಒಂದು ಟೊಯಾನ್ ಗಿಡ ಇದೆ. ಈಗ ನನಗಿಂತ ಎತ್ತರ. ಇದು ಎರಡನೆಯದು, ಮೊದಲನೆಯದನ್ನು ನಾನೇ ಕೊಂದೆ.

ಟೊಯಾನ್ ಅಲ್ಲಿನದೇ ಪೊದೆ. ಓಕ್ ಮರಗಳಿರುವ ಒಣ ಗುಡ್ಡಗಳಲ್ಲಿ ತಾನಾಗೇ ಬೆಳೆಯುತ್ತದೆ, ವರ್ಷಪೂರ್ತಿ ಹಸಿರು. ಲಾಸ್ ಏಂಜಲೀಸ್ ನಗರ 2012ರಲ್ಲಿ ಇದನ್ನೇ ತನ್ನ ಅಧಿಕೃತ ಸ್ಥಳೀಯ ಗಿಡ ಮಾಡಿಕೊಂಡಿತು.

ಮೊದಲನೆಯದನ್ನು ಏಪ್ರಿಲ್‌ನಲ್ಲಿ ನೆಟ್ಟೆ. ಬಿಸಿಲು ಏರಿದ ಹಾಗೆ ನೀರು ಜಾಸ್ತಿ ಹಾಕಬೇಕು ಅನ್ನೋದು ಹಾಸನದಿಂದ ತಂದ ಬುದ್ಧಿ, ದಿನಾ ಸಂಜೆ ಪೈಪ್ ಹಿಡಿದು ನಿಲ್ಲುತ್ತಿದ್ದೆ, ಎಲೆ ಬಾಡಿದರೆ ಪಾಪ ಬಾಯಾರಿಕೆ ಅಂತ ಇನ್ನೊಂದು ಬಕೆಟ್ ಸುರಿಯುತ್ತಿದ್ದೆ. ಆಗಸ್ಟ್‌ನಲ್ಲಿ ಕಿತ್ತು ನೋಡಿದರೆ ಬೇರುಗಳೆಲ್ಲ ಕಪ್ಪಗೆ ಕೊಳೆತಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಆ ಲೆಕ್ಕಕ್ಕೇ ಹುಟ್ಟಿದ ಗಿಡ ಅದು. ಬಿಸಿ ಮಣ್ಣಲ್ಲಿ ದಿನಾ ನೀರು ನಿಂತರೆ ಬೇರು ಕೊಳೆಸುವ ರೋಗಕ್ಕೆ ಹಬ್ಬ.

ಫೋನಲ್ಲಿ ಹೇಳಿದರೆ ಅಮ್ಮ ನಂಬಲಿಲ್ಲ. "ಬೇಸಿಗೇಲಿ ನೀರು ಹಾಕ್ಬಾರ್ದಾ? ಅದೆಂಥ ಗಿಡಾನೋ!"

ಎರಡನೆಯದನ್ನು ನವೆಂಬರ್‌ನಲ್ಲಿ, ಒಂದೆರಡು ಮಳೆ ಬಿದ್ದ ಮೇಲೆ ನೆಟ್ಟೆ. ಗುಂಡಿ ಕುಂಡದ ಎರಡರಷ್ಟು ಅಗಲ, ಆದರೆ ಆಳ ಕುಂಡದಷ್ಟೇ. ಗೊಬ್ಬರ ಇಲ್ಲ, ತೆಗೆದ ಮಣ್ಣನ್ನೇ ತುಂಬಿದೆ, ಬುಡ ನೆಲಕ್ಕಿಂತ ಒಂದಿಂಚು ಮೇಲೆ ಇರೋ ಹಾಗೆ ನೋಡಿಕೊಂಡೆ. ಸುತ್ತ ಮರದ ಚೂರು ಹರಡಿದೆ, ಕಾಂಡಕ್ಕೆ ತಾಗದಂತೆ. ಮೊದಲ ಬೇಸಿಗೆ ಎರಡು ವಾರಕ್ಕೊಮ್ಮೆ, ಅದೂ ಬೆರಳು ತೂರಿಸಿ ನೋಡಿ ಒಣಗಿದ್ದರೆ ಮಾತ್ರ, ನಿಧಾನಕ್ಕೆ ಆಳಕ್ಕೆ ಇಳಿಯೋ ಹಾಗೆ ನೀರು. ಮುಂದಿನ ವರ್ಷ ತಿಂಗಳಿಗೊಮ್ಮೆ. ಆಮೇಲೆ ಸುಮ್ನೆ ಬಿಟ್ಟೆ. ಕೈ ಕಟ್ಟಿಕೊಂಡು ಕೂರೋದೇ ಕಷ್ಟದ ಕೆಲಸ ಆಗಿತ್ತು.

ಒಮ್ಮೆ ಕೊಂಬೆ ತುದಿ ಬೆಂಕಿ ತಾಗಿದಂತೆ ಕಪ್ಪಾಯಿತು. ಗುಲಾಬಿ ಕುಟುಂಬದ್ದು ಅಲ್ವಾ, ಸೇಬಿಗೆ ಬರುವ ಫೈರ್ ಬ್ಲೈಟ್ ರೋಗ ಇದಕ್ಕೂ ಬರುತ್ತೆ. ಒಂದಡಿ ಕೆಳಗೆ ಕತ್ತರಿಸಿದೆ, ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು. ಮತ್ತೆ ಬರಲಿಲ್ಲ.

ಜೂನ್‌ನಲ್ಲಿ ಬಿಳಿ ಹೂಗೊಂಚಲಿನ ತುಂಬ ಜೇನು, ಡಿಸೆಂಬರ್‌ನಲ್ಲಿ ಕೆಂಪು ಹಣ್ಣು. ಅಲ್ಲಿನ ಮೂಲನಿವಾಸಿಗಳು ಹಣ್ಣನ್ನು ಬೇಯಿಸಿ, ಸುಟ್ಟು ತಿನ್ನುತ್ತಿದ್ದರು. ಹಸಿಯದರಲ್ಲಿ ಸಯನೈಡ್ ಬಿಡುವ ಅಂಶ ಇದೆ, ಹಾಗಾಗಿ ನಾವು ಬಾಯಿಗೆ ಹಾಕಲ್ಲ, ಮಕ್ಕಳಿಗೂ ಹೇಳಿದ್ದೇವೆ. ರಾಬಿನ್ ಹಕ್ಕಿಗಳಿಗೆ ಅದರ ಚಿಂತೆ ಇಲ್ಲ. ಕಳೆದ ಚಳಿಗಾಲದಲ್ಲಿ ಹಿಂಡು ಬಂದು ಎರಡೇ ದಿನದಲ್ಲಿ ಮರ ಬೋಳು ಮಾಡಿ ಹೋದವು.

ಕರಿಬೇವಿನ ಕುಂಡಕ್ಕೆ ಮಾತ್ರ ಬೇಸಿಗೆಯಲ್ಲಿ ನೀರು ಬೇಕೇ ಬೇಕು. ಅದನ್ನು ಹಿತ್ತಲಿನ ಇನ್ನೊಂದು ಮೂಲೆಗೆ ಸಾಗಿಸಿದ್ದೇನೆ, ಪೈಪ್ ಟೊಯಾನ್ ತನಕ ಎಟುಕದ ಹಾಗೆ.