ಪಿಯುಸಿ ಸೈನ್ಸ್‌ಗೆ ಹೊರಟ ಕನ್ನಡ ಮಾಧ್ಯಮದವರಿಗೆ: ಇಂಗ್ಲಿಷ್ ಪದ ಕಲಿಯುವ ಬಗೆ

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸ್ ಸೇರಿದವರು ಮೊದಲ ತಿಂಗಳುಗಳಲ್ಲಿ ತಡವರಿಸುವುದು ಫೋಟೋಸಿಂಥೆಸಿಸ್, ಆಕ್ಸಿಲರೇಷನ್‌ನಂಥ ದೊಡ್ಡ ಪದಗಳಿಂದ ಎಂದು ಮನೆಯವರೆಲ್ಲ ಅಂದುಕೊಂಡಿರುತ್ತಾರೆ. ಅದು ಅರ್ಧ ನಿಜ. ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ ಏನೆಂದು ಗೊತ್ತಿದ್ದವರಿಗೆ ಅವುಗಳ ಇಂಗ್ಲಿಷ್ ಹೆಸರು ಬೇಗ ರೂಢಿಯಾಗುತ್ತದೆ. ಲೆಕ್ಚರರ್ ಕೂಡ ಅವನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ. ಯಾರೂ ವಿವರಿಸದೆ ದಾಟಿಹೋಗುವ ಪದಗಳೇ ಬೇರೆ: ಹೆನ್ಸ್, ವೇರ್‌ಆಸ್, ಅನ್‌ಲೆಸ್, ನೆಗ್ಲಿಜಿಬಲ್, ರೆಸ್ಪೆಕ್ಟಿವ್ಲಿ. ‘ಎ ಮತ್ತು ಬಿ ವಸ್ತುಗಳ ದ್ರವ್ಯರಾಶಿ 2 ಕೆಜಿ, 5 ಕೆಜಿ ರೆಸ್ಪೆಕ್ಟಿವ್ಲಿ’ ಎಂದಾಗ ಆ ಕೊನೆಯ ಪದಕ್ಕೆ ‘ಕ್ರಮವಾಗಿ’ ಎಂಬ ಅರ್ಥ ಹೊಳೆಯದಿದ್ದರೆ ಯಾವುದು 2, ಯಾವುದು 5 ಎಂಬಲ್ಲೇ ಲೆಕ್ಕ ನಿಂತುಬಿಡುತ್ತದೆ.

ಹಾಗಾಗಿ ಮೊದಲ ಕೆಲಸ ಪದಗಳನ್ನು ಆರಿಸುವುದು. ‘ದಿನಕ್ಕೊಂದು ಪದ’ ಎಂದು ಮೊಬೈಲಿಗೆ ಬರುವ ಅಲಂಕಾರದ ಪದಗಳನ್ನು ಸದ್ಯಕ್ಕೆ ಬಿಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗಿನ ಬಿಡುವಿನಲ್ಲಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಕನ್ನಡ ಮತ್ತು ಇಂಗ್ಲಿಷ್ ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಇಂಗ್ಲಿಷ್ ಪ್ರತಿ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತದೆ. ಪಾಠ, ಚಿತ್ರ, ಸಮೀಕರಣ ಎರಡರಲ್ಲೂ ಅವೇ ಆದ್ದರಿಂದ ವಿಷಯ ಹೊಸದಲ್ಲ, ಭಾಷೆ ಮಾತ್ರ ಹೊಸದು. ಒಂದು ಪ್ಯಾರಾ ಇಂಗ್ಲಿಷಿನಲ್ಲಿ ಓದಿ, ತೊಡಕಾದ ಪದಕ್ಕೆ ಪೆನ್ಸಿಲ್ ಗೆರೆ ಎಳೆದು, ಆಮೇಲಷ್ಟೇ ಕನ್ನಡ ಪ್ಯಾರಾ ನೋಡಿ. ಕನ್ನಡವನ್ನೇ ಮೊದಲು ಓದಿದರೆ ಇಂಗ್ಲಿಷ್ ಎಲ್ಲ ಅರ್ಥವಾದಂತೆಯೇ ತೋರುತ್ತದೆ. ಗೆರೆ ಬೀಳುವುದೇ ಇಲ್ಲ.

ಗೆರೆ ಬಿದ್ದ ಪದಗಳಲ್ಲಿ ಹೆಚ್ಚು ಮೋಸ ಮಾಡುವುದು ಈಗಾಗಲೇ ಗೊತ್ತಿದೆ ಎನಿಸುವ ಪದಗಳು. ನಾರ್ಮಲ್ ಎಂದರೆ ಸಾಮಾನ್ಯ, ಸರಿ. ಆದರೆ ಬೆಳಕಿನ ಪಾಠದಲ್ಲಿ ಅದು ಲಂಬ. ಮೀನ್ ಎಂಬುದು ಸಂಖ್ಯಾಶಾಸ್ತ್ರದಲ್ಲಿ ಸರಾಸರಿ. ಸೊಲ್ಯೂಷನ್ ಕೆಮಿಸ್ಟ್ರಿಯಲ್ಲಿ ದ್ರಾವಣ, ಮ್ಯಾಥ್ಸ್‌ನಲ್ಲಿ ಸಮೀಕರಣದ ಪರಿಹಾರ. ಬೇಸ್ ತ್ರಿಭುಜದಲ್ಲಿ ಪಾದ, ಕೆಮಿಸ್ಟ್ರಿಯಲ್ಲಿ ಪ್ರತ್ಯಾಮ್ಲ. ಟ್ರಾನ್ಸ್‌ಲೇಟ್ ಆ್ಯಪಿಗೆ ಒಂಟಿ ಪದ ಕೊಟ್ಟರೆ ಅದಕ್ಕೆ ನಿಮ್ಮ ಪಾಠ ಯಾವುದೆಂದು ತಿಳಿಯದು, ತೀರಾ ಬಳಕೆಯ ಅರ್ಥವನ್ನು ಕೊಟ್ಟು ಸುಮ್ಮನಾಗುತ್ತದೆ. ಪೂರ್ತಿ ವಾಕ್ಯ ಹಾಕಿ, ಇಲ್ಲವೇ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿ ನೋಡಿ. ಆ ಬಗೆಯ ನಿಘಂಟುಗಳಲ್ಲಿ ಕೆಲವು ಸುಮಾರು 2000 ಸರಳ ಪದಗಳೊಳಗೇ ಎಲ್ಲ ಅರ್ಥವನ್ನೂ ಹೇಳುತ್ತವೆ.

ಪ್ರಶ್ನೆಪತ್ರಿಕೆಯ ಕ್ರಿಯಾಪದಗಳಿಗೆ ಬೇರೆಯೇ ಒಂದು ಹಾಳೆ ಇಡಿ. ಡಿಫೈನ್ ಎಂದರೆ ವ್ಯಾಖ್ಯೆ ಮಾತ್ರ. ಸ್ಟೇಟ್ ಎಂದರೆ ನಿಯಮ ಹೇಳಿದರೆ ಸಾಕು, ಸಾಧಿಸಬೇಕಿಲ್ಲ. ಡಿರೈವ್ ಎಂದರೆ ಹಂತಹಂತವಾಗಿ ಸೂತ್ರ ಪಡೆಯಬೇಕು. ಡಿಸ್ಟಿಂಗ್ವಿಷ್ ಬಿಟ್ವೀನ್ ಎಂದಿದ್ದರೆ ಎದುರುಬದುರು ವ್ಯತ್ಯಾಸ ಬರೆಯಬೇಕು. ‘ಮೆನ್ಷನ್ ಎನಿ ಟೂ’ ಎಂದು ಕೇಳಿದ್ದಕ್ಕೆ ಅರ್ಧ ಪುಟ ವಿವರಣೆ ಬರೆದರೆ ಹೋಗುವುದು ನಿಮ್ಮದೇ ಸಮಯ.

ಇನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಮಾತು. ಎ4 ಹಾಳೆಯನ್ನು ಮೂರು ಸಲ ಮಡಚಿ ಕತ್ತರಿಸಿದರೆ 8 ಚೀಟಿಗಳಾಗುತ್ತವೆ. ದಿನಕ್ಕೆ ಅಷ್ಟೇ ಹೊಸ ಪದ ಸಾಕು, ಅದೂ ವಾರಕ್ಕೆ ಐದು ದಿನ. ಚೀಟಿಯ ಒಂದು ಬದಿಯಲ್ಲಿ ಪುಸ್ತಕದ ವಾಕ್ಯವನ್ನೇ ಬರೆದು ಪದದ ಜಾಗ ಖಾಲಿ ಬಿಡಿ, ಕೆಳಗೆ ಕನ್ನಡ ಅರ್ಥ ಹಾಕಿ. ಹಿಂಬದಿಯಲ್ಲಿ ಪದ, ಅದರ ಜೊತೆಗೆ ಬರುವ ಚಿಕ್ಕ ಪದ, ಅದರ ಕುಟುಂಬ. ಚಿಕ್ಕ ಪದವನ್ನು ಬಿಡಲೇಬೇಡಿ: ಡಿಪೆಂಡ್ ಆನ್, ಕನ್ಸಿಸ್ಟ್ ಆಫ್, ಪ್ರಪೋರ್ಷನಲ್ ಟು. ನಾವು ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸು’ ಎನ್ನುವ ರೂಢಿಯಿಂದ ಇಂಗ್ಲಿಷಿನಲ್ಲೂ ಡಿಸ್ಕಸ್ ಪಕ್ಕ ಅಬೌಟ್ ಅಂಟಿಸುತ್ತೇವೆ. ಅಲ್ಲಿ ಅದು ಬೇಡ. ಕುಟುಂಬ ಎಂದರೆ ಅನಲೈಸ್, ಅನಾಲಿಸಿಸ್, ಅನಲಿಟಿಕಲ್ ಇದ್ದಂತೆ. ಏವ್ರಿಲ್ ಕಾಕ್ಸ್‌ಹೆಡ್ ಎಂಬ ಭಾಷಾವಿಜ್ಞಾನಿ 2000ದಲ್ಲಿ ಪ್ರಕಟಿಸಿದ ಓದಿನ ಪದಗಳ ಪಟ್ಟಿಯಲ್ಲಿ (ಅಕಾಡೆಮಿಕ್ ವರ್ಡ್ ಲಿಸ್ಟ್) ಇಂಥ 570 ಕುಟುಂಬಗಳಿವೆ. ಕಾಲೇಜು ಮಟ್ಟದ ಬರಹದಲ್ಲಿ ಸುಮಾರು ಹತ್ತರಲ್ಲೊಂದು ಪದ ಅದರೊಳಗಿನದು. ಪಠ್ಯದ ಗೆರೆಗಳು ಖಾಲಿಯಾದ ದಿನ ಆ ಪಟ್ಟಿಗೆ ಕೈಹಾಕಬಹುದು.

ಚೀಟಿಗಳಿಗೆ ಚಪ್ಪಲಿ ಡಬ್ಬದಲ್ಲಿ ನಾಲ್ಕು ಖಾನೆ ಮಾಡಿ. ಮೊದಲ ಖಾನೆ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಮೂರು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ. ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಖಾನೆಗಳ ನಡುವಿನ ಅಂತರ ಹಿಗ್ಗುತ್ತಾ ಹೋಗುವುದು ಅದಕ್ಕೇ. ಉತ್ತರವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಚೀಟಿ ತಿರುಗಿಸಿ. ತಿರುಗಿಸಿ ನೋಡಿ ‘ಹಾಂ, ಗೊತ್ತಿತ್ತು’ ಅಂದುಕೊಂಡದ್ದು ಪರೀಕ್ಷೆಯಲ್ಲಿ ನೆನಪಿಗೆ ಬರುವುದಿಲ್ಲ.

ಈ ಪದ್ಧತಿ ಕೆಡುವುದು ಸಾಮಾನ್ಯವಾಗಿ ಉತ್ಸಾಹದಿಂದಲೇ. ದಿನಕ್ಕೆ 30 ಪದ ಎಂದು ಹೊರಟರೆ ಎರಡನೇ ವಾರಕ್ಕೆ ಮೊದಲ ಖಾನೆ ತುಂಬಿ ಡಬ್ಬ ಮುಟ್ಟುವುದಕ್ಕೇ ಬೇಸರವಾಗುತ್ತದೆ. ಅಲ್ಲಿ 60ಕ್ಕಿಂತ ಹೆಚ್ಚು ಚೀಟಿ ಸೇರಿದ ದಿನ ಹೊಸ ಪದ ನಿಲ್ಲಿಸಿ, ಹಳೆಯದನ್ನು ಕರಗಿಸಿ. ಇನ್ನೊಂದು ಎಡವಟ್ಟು ಜೋಡಿ ಪದಗಳದ್ದು. ಕಾನ್‌ಕೇವ್ ಮತ್ತು ಕಾನ್ವೆಕ್ಸ್, ಆನೋಡ್ ಮತ್ತು ಕ್ಯಾಥೋಡ್, ಮೈಟೋಸಿಸ್ ಮತ್ತು ಮಿಯೋಸಿಸ್: ಇವನ್ನು ಒಂದೇ ದಿನ ಕಲಿತರೆ ಪದ ನೆನಪಿದ್ದರೂ ಯಾವುದು ಯಾವುದೆಂದು ಕಲಸಿಹೋಗುತ್ತದೆ. ಕಾನ್‌ಕೇವ್ ಎಂದರೆ ನಿಮ್ನ ಎಂಬುದು ಮೂರನೇ ಖಾನೆ ತಲುಪಿದ ಮೇಲೆ ಕಾನ್ವೆಕ್ಸ್ ಚೀಟಿ ಬರೆಯಿರಿ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ತಪ್ಪೇನಿಲ್ಲ, ಆದರೆ ಒತ್ತು ಎಲ್ಲಿ ಬೀಳುತ್ತದೆ, ಅಂದರೆ ಯಾವ ಅಕ್ಷರವನ್ನು ಒತ್ತಿ ಹೇಳಬೇಕು ಎಂಬುದು ಅದರಲ್ಲಿ ಕಾಣುವುದಿಲ್ಲ. ಅನಲೈಸ್‌ನಲ್ಲಿ ಒತ್ತು ಮೊದಲಕ್ಷರಕ್ಕೆ, ಅನಾಲಿಸಿಸ್‌ನಲ್ಲಿ ‘ನಾ’ಗೆ, ಅನಲಿಟಿಕಲ್‌ನಲ್ಲಿ ‘ಲಿ’ಗೆ. ಆನ್‌ಲೈನ್ ನಿಘಂಟಿನ ಸ್ಪೀಕರ್ ಗುರುತು ಒತ್ತಿ ಕೇಳಿ, ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಹಾಕಿ. ‘ಬುಕ್ಕು’, ‘ಟೆಸ್ಟು’ ಎಂದು ಕೊನೆಗೆ ಉಕಾರ ಸೇರಿಸುವ ನಮ್ಮ ಅಭ್ಯಾಸವನ್ನೂ ಆಗಲೇ ಗಮನಿಸಿಕೊಳ್ಳಿ.

ಶನಿವಾರ ಹೊಸ ಪದ ಬೇಡ. ಆ ವಾರದ ಪಾಠದಿಂದ ಎರಡೋ ಮೂರೋ ಅಂಕದ ಒಂದು ಪ್ರಶ್ನೆ ಆರಿಸಿ, ಪುಸ್ತಕ ಮುಚ್ಚಿ, ಡಬ್ಬದ ನಾಲ್ಕು ಪದಗಳಾದರೂ ಬರುವಂತೆ ಇಂಗ್ಲಿಷಿನಲ್ಲಿ ಉತ್ತರ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಿಂದ ಸಾಲುಸಾಲಾಗಿ ಹೋಲಿಸಿ. ಪದ ಸರಿಯಿದ್ದು ಜೊತೆಯ ಚಿಕ್ಕ ಪದ ತಪ್ಪಿದ್ದರೂ ಆ ಚೀಟಿ ಮೊದಲ ಖಾನೆಗೇ ವಾಪಸ್.