ಕ್ಯೂರಿಂಗ್ ವರ್ಕ್ಸ್ ಪೋರ್ಟಲ್‌ಗೆ ಕ್ಲೌಡ್ ವಾಫ್: ನನ್ನ ಅನುಭವ

ಈ ಸೀಸನ್‌ನಲ್ಲಿ ನಮ್ಮ ಬೆಳೆಗಾರರ ಪೋರ್ಟಲ್ ಒಂದು ದಿನವೂ ಕೈಕೊಡಲಿಲ್ಲ. ಅರೇಬಿಕಾ ಕೊಯ್ಲು ಶುರುವಾದಾಗಿನಿಂದ ರೊಬಸ್ಟಾ ಮುಗಿಯುವ ತನಕ. ಬೆಳೆಗಾರರ ಕಾಫಿಯನ್ನು ಹಸನು ಮಾಡಿಕೊಡುವ ಕುಶಾಲನಗರದ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಐಟಿ ನೋಡಿಕೊಳ್ಳುವವನು ನಾನು. ಯಾರು ಎಷ್ಟು ಚೀಲ ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ಒಣಗಿಸಿದ್ದು) ಹಾಕಿದರು, ಎಷ್ಟು ಚೆರಿ (ಹಣ್ಣನ್ನೇ ಒಣಗಿಸಿದ್ದು), ಔಟ್‌ಟರ್ನ್ (ಹಸನಾದ ಮೇಲೆ ಸಿಕ್ಕ ಬೀಜ) ಎಷ್ಟು ಬಂತು, ಬಿಲ್ ಎಷ್ಟಾಯಿತು, ಎಲ್ಲ ಆ ಪೋರ್ಟಲ್‌ನಲ್ಲೇ. ಕ್ಲೌಡ್ ವಾಫ್ ಅಂದರೆ ಸೈಟ್ ಮೇಲಿನ ದಾಳಿಯನ್ನು ನಮ್ಮ ಲೈನ್ ಮುಟ್ಟುವ ಮುಂಚೆಯೇ ಹೊರಗೇ ಸೋಸುವ ಸೇವೆ. ಅದಕ್ಕೆ ಹೋಗೋಣ ಅಂದಾಗ ಮಾಲೀಕರು ಒಪ್ಪಲಿಲ್ಲ. ಮೈಸೂರಿನಿಂದ ಹಳೇ ಫೈರ್‌ವಾಲ್ ಬಾಕ್ಸ್ ತಂದು ಕೊಟ್ಟವರು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಗೆಳೆಯರೂ ಒಪ್ಪಲಿಲ್ಲ. ಈಗ ಅದೇ ಗೆಳೆಯರು ಸೆಟ್ಟಿಂಗ್ ಕೇಳಿಕೊಂಡು ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದ್ದದ್ದು ಸರ್ವರ್ ರೂಮಿನ ರ‍್ಯಾಕ್‌ನಲ್ಲಿ ಒಂದು ಫೈರ್‌ವಾಲ್ ಬಾಕ್ಸ್. ಕೊಂಡಾಗ ಸುಮಾರು ಎರಡೂವರೆ ಲಕ್ಷ. ಆಮೇಲೆ ವರ್ಷಾವರ್ಷ ಲೈಸೆನ್ಸ್ ರಿನ್ಯೂವಲ್‌ಗೆ 80-90 ಸಾವಿರ. ಬಾಕ್ಸ್ ಕೆಟ್ಟದ್ದೇನಲ್ಲ, ತನ್ನ ಹತ್ತಿರ ಬಂದದ್ದನ್ನು ಸರಿಯಾಗಿಯೇ ತಡೆಯುತ್ತಿತ್ತು. ತೊಂದರೆ ಇದ್ದದ್ದು ಅದರ ಆಚೆ. ನಮ್ಮ ಲೈನ್ 50 ಎಂಬಿಪಿಎಸ್. ಕಾಫಿ ದರ ಏರಿದ ವಾರಗಳಲ್ಲಿ ಬೆಳೆಗಾರರು ಪದೇ ಪದೇ ಲಾಗಿನ್ ಆಗುತ್ತಾರೆ. ಅದೇ ಹೊತ್ತಿಗೆ ಎಲ್ಲಿಂದಲೋ ಕದ್ದ ಪಾಸ್‌ವರ್ಡ್ ಪಟ್ಟಿ ಹಿಡಿದ ಬಾಟ್‌ಗಳು (ತಾವಾಗಿ ಓಡುವ ಪ್ರೋಗ್ರಾಂಗಳು) ಲಾಗಿನ್ ಪೇಜಿಗೆ ಮುಗಿಬಿದ್ದರೆ ಲೈನೇ ತುಂಬಿಹೋಗುತ್ತಿತ್ತು. ಬಾಕ್ಸ್ ಒಂದೊಂದನ್ನೂ ಬ್ಲಾಕ್ ಮಾಡುತ್ತಿತ್ತು, ಲಾಗ್ ನೋಡಿದರೆ ಭೇಷ್ ಅನ್ನಬೇಕು, ಆದರೆ ಸೋಮವಾರಪೇಟೆಯ ಬೆಳೆಗಾರನಿಗೆ ಪೇಜ್ ತೆರೆಯುತ್ತಿರಲಿಲ್ಲ. ಆನೆ ತಡೆಯೋಕೆ ಕಂದಕವನ್ನು ಕಾಡಂಚಿನಲ್ಲಿ ತೋಡುತ್ತೇವೆ, ಮನೆ ಅಂಗಳದಲ್ಲಿ ಅಲ್ಲ. ಮಾಲೀಕರಿಗೆ ಕೊನೆಗೆ ಅರ್ಥವಾದದ್ದು ಈ ಮಾತೇ.

ಅದಕ್ಕೂ ಮುಂಚೆ ಖರ್ಚಿಲ್ಲದ ದಾರಿ ಅಂತ ನಮ್ಮ ಸರ್ವರ್‌ನಲ್ಲೇ ಓಡುವ ಮಾಡ್‌ಸೆಕ್ಯುರಿಟಿ ಅನ್ನುವ ಉಚಿತ ವಾಫ್ ಹಾಕಿ ನೋಡಿದ್ದೆ, ಅದಕ್ಕೆ ಸಿಗುವ ಒವಾಸ್ಪ್ ಕೋರ್ ರೂಲ್ ಸೆಟ್ ಜೊತೆಗೆ. ರೂಲ್ ಎಷ್ಟು ಬಿಗಿ ಅಂತ ಹೇಳುವ ಪ್ಯಾರನೋಯಾ ಲೆವೆಲ್ 1ರಲ್ಲಿ ಚೆನ್ನಾಗಿಯೇ ಇತ್ತು. ಆಡಿಟ್‌ಗೆ ಬಂದವರೊಬ್ಬರು 3ಕ್ಕೆ ಏರಿಸಿ ಅಂದರು. ಏರಿಸಿದ ಕೂಡಲೇ ರಿಮಾರ್ಕ್ಸ್ ಬಾಕ್ಸ್‌ನಲ್ಲಿ ಕನ್ನಡದಲ್ಲಿ ಬರೆದದ್ದೆಲ್ಲ ಬ್ಲಾಕ್! ಮಟ್ಟ 3ರಲ್ಲಿ ಒಂದು ರೂಲ್ ಇದೆ, ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆ) ಆಚೆಗಿನದ್ದನ್ನು ಅದು ಒಪ್ಪುವುದಿಲ್ಲ. 'ಮಳೆ ಇದೆ, ಲೋಡ್ ನಾಳೆ' ಅಂತ ಬರೆದ ಬೆಳೆಗಾರ ಅದರ ಕಣ್ಣಿಗೆ ದಾಳಿಕೋರ. ಆ ರೂಲ್ ಇರುವುದೇ ಹಾಗೆ, ಬೈದು ಪ್ರಯೋಜನವಿಲ್ಲ. ಆ ಫೀಲ್ಡ್‌ಗೆ ವಿನಾಯಿತಿ ಬರೆದರೆ ಇನ್ನೊಂದು ಫೀಲ್ಡ್ ಕೂಗುತ್ತಿತ್ತು. ಜೊತೆಗೆ ಸಿಪಿಯು ಮೇಲಿನ ಹೊರೆ. ಇಡೀ ದಿನ ರೂಲ್ ತಿದ್ದುತ್ತಾ ಕೂರೋಕೆ ನಮ್ಮಂಥ ಕಡೆ ಆಳಿಲ್ಲ. ನಾನೇ ಪ್ರಿಂಟರ್ ನೋಡಬೇಕು, ನಾನೇ ವೇಬ್ರಿಡ್ಜ್ ಸಾಫ್ಟ್‌ವೇರ್ ನೋಡಬೇಕು.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನುವ ಜಾವಾ ಲೈಬ್ರರಿಯಲ್ಲಿ ದೊಡ್ಡ ತೂತು ಕಂಡು ಗಲಾಟೆ ಆಯಿತಲ್ಲ, ನನ್ನ ಮನಸ್ಸು ಗಟ್ಟಿಯಾದದ್ದು ಆವಾಗ. ಕೊಯ್ಲಿನ ಹೊತ್ತು. ನಮ್ಮ ರಿಪೋರ್ಟ್ ಸಾಫ್ಟ್‌ವೇರ್ ಜಾವಾದ್ದು. ದೊಡ್ಡ ಕ್ಲೌಡ್ ವಾಫ್ ಕಂಪನಿಗಳು ಬೇಗನೇ ತಮ್ಮ ಗ್ರಾಹಕರಿಗೆಲ್ಲ ರೂಲ್ ಹಾಕಿಬಿಟ್ಟವು. ನಮ್ಮ ಬಾಕ್ಸ್‌ಗೆ ಆ ದಾಳಿ ಗುರುತಿಸುವ ಸಿಗ್ನೇಚರ್ ಬರುವ ತನಕ ಆ ಸರ್ವರ್ ಅನ್ನೇ ಹೊರಗಿನಿಂದ ಕಡಿದು ಇಟ್ಟಿದ್ದೆ. ಕಂಪನಿಗಳು ಯಾಕೆ ಕ್ಲೌಡ್ ವಾಫ್‌ಗೆ ಹೋಗುತ್ತವೆ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಕಸ ನಮ್ಮ ಲೈನ್‌ಗೆ ಬರುವ ಮುಂಚೆಯೇ ನಿಲ್ಲುತ್ತದೆ, ರಾತ್ರಿ ಎದ್ದು ರೂಲ್ ಬರೆಯುವವರು ಬೇರೆ ಯಾರೋ ಇರುತ್ತಾರೆ. ಜೂನ್-ಜುಲೈ ಮಳೆಗೆ ಕರೆಂಟ್ ಹೋಗಿ ಆಫೀಸ್ ಕತ್ತಲಾದರೂ ಮೊಬೈಲ್‌ನಲ್ಲೇ ರೂಲ್ ಬದಲಿಸಬಹುದು, ಅದು ನಮಗೆ ಸಿಕ್ಕ ಹೆಚ್ಚುವರಿ ಲಾಭ.

ಡಿಎನ್ಎಸ್ (ಸೈಟ್ ಹೆಸರು ಯಾವ ಐಪಿ ವಿಳಾಸಕ್ಕೆ ಹೋಗಬೇಕು ಅನ್ನುವ ದಾಖಲೆ) ವಾಫ್ ಕಡೆ ಬದಲಿಸೋದು ಅರ್ಧ ಗಂಟೆ ಕೆಲಸ. ಮೊದಲು ಕೆಲವು ವಾರ ಲಾಗ್ ಮೋಡ್‌ನಲ್ಲೇ ಬಿಟ್ಟೆ, ಏನನ್ನೂ ಬ್ಲಾಕ್ ಮಾಡದೆ. ಹಾಗಿದ್ದೂ ಮೊದಲ ದಿನವೇ ಸೈಟ್ ಎಲ್ಲರಿಗೂ ಬಂದ್. ಕಾರಣ ವಾಫ್ ಅಲ್ಲ, ನಮ್ಮ ಸರ್ವರ್‌ನ ಫೇಲ್‌ಟುಬ್ಯಾನ್, ಪದೇ ಪದೇ ಪಾಸ್‌ವರ್ಡ್ ತಪ್ಪಿಸುವ ಐಪಿಯನ್ನು ಹೊರಗಿಡುವ ಪ್ರೋಗ್ರಾಂ. ವಾಫ್ ಮುಂದೆ ಬಂದ ಮೇಲೆ ಬರುವವರೆಲ್ಲ ವಾಫ್‌ನ ಐಪಿಯಿಂದಲೇ ಬಂದ ಹಾಗೆ ಕಾಣುತ್ತಾರೆ. ನಾಲ್ಕು ತಪ್ಪು ಪಾಸ್‌ವರ್ಡ್ ಕಂಡದ್ದೇ ಫೇಲ್‌ಟುಬ್ಯಾನ್ ವಾಫ್ ಅನ್ನೇ ಬ್ಯಾನ್ ಮಾಡಿತು. ವಾಫ್ ಜೊತೆಗೆ ಬರೆದು ಕಳಿಸುವ ಹೆಡರ್‌ನಿಂದ ಅಸಲಿ ಐಪಿ ತೆಗೆದುಕೊಳ್ಳುವ ಹಾಗೆ ವೆಬ್ ಸರ್ವರ್‌ನಲ್ಲಿ ಬರೆದ ಮೇಲೆ ಸರಿಹೋಯಿತು. ಆ ಹೆಡರ್ ಅನ್ನು ವಾಫ್‌ನ ಐಪಿಗಳಿಂದ ಬಂದಾಗ ಮಾತ್ರ ನಂಬಿ, ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ಐಪಿ ಬರೆದು ಕಳಿಸಬಹುದು.

ಹೆಚ್ಚಿನವರು ಸೋಲುವುದು ಹಿಂಬಾಗಿಲಲ್ಲಿ. ವಾಫ್ ಹಾಕುತ್ತಾರೆ, ಸರ್ವರ್‌ನ ಹಳೇ ಐಪಿ ಹಾಗೇ ತೆರೆದಿರುತ್ತದೆ. ನಾನು ಕುತೂಹಲಕ್ಕೆ ಇಂಟರ್ನೆಟ್‌ನ ಸರ್ವರ್‌ಗಳನ್ನು ಹುಡುಕಿಕೊಡುವ ಸೆನ್ಸಿಸ್ ಸೈಟ್‌ನಲ್ಲಿ ನಮ್ಮ ಸರ್ಟಿಫಿಕೇಟ್ ಹೆಸರು ಹಾಕಿ ಹುಡುಕಿದೆ. ನಿಮಿಷದಲ್ಲಿ ನಮ್ಮ ಸರ್ವರ್ ಸಿಕ್ಕಿತು. ಹಳೇ ಡಿಎನ್ಎಸ್ ದಾಖಲೆ ಇಡುವ ಸೈಟ್‌ಗಳಲ್ಲೂ ಸಿಕ್ಕಿತು. ಮೇಲ್ ಸರ್ವರ್ ಅದೇ ಐಪಿಯಲ್ಲಿ ಇದ್ದದ್ದರಿಂದ ಎಂಎಕ್ಸ್ ರೆಕಾರ್ಡ್ (ಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ಡಿಎನ್ಎಸ್ ದಾಖಲೆ) ಸಹ ಹೇಳಿಕೊಡುತ್ತಿತ್ತು. ಹಾಗಾಗಿ ಐಪಿ ಬದಲಿಸಿದೆ, ಮೇಲ್ ಬೇರೆ ಕಡೆ ಸಾಗಿಸಿದೆ, ಸೈಟ್‌ನ ಬಾಗಿಲಾದ 443ನೇ ಪೋರ್ಟ್ ಅನ್ನು ವಾಫ್ ಕಂಪನಿ ಪ್ರಕಟಿಸುವ ಐಪಿ ಪಟ್ಟಿಗೆ ಮಾತ್ರ ತೆರೆದೆ. ಅಷ್ಟೂ ಸಾಲದು. ಅದೇ ಕಂಪನಿಯಲ್ಲಿ ಖಾತೆ ತೆರೆದವನು ತನ್ನ ಡೊಮೇನ್ ಅನ್ನು ನಮ್ಮ ಐಪಿಗೆ ತೋರಿಸಿದರೆ ಆ ಪಟ್ಟಿ ಒಳಗೆ ಬಿಟ್ಟುಬಿಡುತ್ತದೆ. ಅದಕ್ಕೆ ಬಂದದ್ದು ನಮ್ಮ ಖಾತೆಯಿಂದಲೇ ಅಂತ ಸರ್ವರ್‌ಗೆ ತೋರಿಸುವ, ನಮಗೇ ಮೀಸಲಾದ ಕ್ಲೈಂಟ್ ಸರ್ಟಿಫಿಕೇಟ್ ಬೇಕು. ಅದರ ಮೇಲೆ ನಾನು ಇನ್ನೊಂದು ಚಿಕ್ಕ ಬೀಗ ಹಾಕಿದ್ದೇನೆ, ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಬೀಗ ಹಾಕಿದ್ದು ದಂಡ.

ಇನ್ನು ದುಡ್ಡಿನ ಮಾತು. ರಿಕ್ವೆಸ್ಟ್ (ಸೈಟ್‌ಗೆ ಬರುವ ಒಂದೊಂದು ಕೋರಿಕೆ) ಲೆಕ್ಕದ್ದು, ತಿಂಗಳ ಲೆಕ್ಕದ್ದು, ಎರಡೂ ತೂಗಿ ನೋಡಿದೆ. ಅಮೆಜಾನ್‌ನ ಎಡಬ್ಲ್ಯೂಎಸ್ ವಾಫ್‌ನ ದರಪಟ್ಟಿಯಲ್ಲಿ ಆಗ ಒಂದು ಎಸಿಎಲ್‌ಗೆ (ರೂಲ್‌ಗಳ ಕಟ್ಟು) ತಿಂಗಳಿಗೆ 5 ಡಾಲರ್, ಒಂದೊಂದು ರೂಲ್‌ಗೆ 1 ಡಾಲರ್, ಹತ್ತು ಲಕ್ಷ ರಿಕ್ವೆಸ್ಟ್‌ಗೆ 60 ಸೆಂಟ್ ಇತ್ತು. ನಮ್ಮ ಮಾಮೂಲಿ ತಿಂಗಳಿಗೆ ಅದು ಒಂದೂವರೆ ಸಾವಿರ ರೂಪಾಯಿ ಆಸುಪಾಸು. ಆದರೆ ಬ್ಲಾಕ್ ಆದ ರಿಕ್ವೆಸ್ಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಬಾಟ್‌ಗಳು 10 ಕೋಟಿ ಸಲ ಬಡಿದರೆ ಅದಕ್ಕೇ 60 ಡಾಲರ್. ದಾಳಿಯ ತಿಂಗಳ ಬಿಲ್ ಎಷ್ಟು ಅಂತ ಮಾಲೀಕರು ಕೇಳಿದಾಗ ಉತ್ತರ ಹೇಳುವ ಹಾಗಿರಬೇಕು, ಅಲ್ವಾ? ಅದಕ್ಕೆ ತಿಂಗಳಿಗೆ ಇಷ್ಟೇ ಅನ್ನುವ ಪ್ಲಾನ್ ತಗೊಂಡೆ. ಆಗ ಡೊಮೇನ್‌ಗೆ ತಿಂಗಳಿಗೆ ಎರಡು ಸಾವಿರದ ಮೇಲೆ, ಜಿಎಸ್‌ಟಿ ಬೇರೆ. ಪ್ರತಿ ತಿಂಗಳು ಕಾರ್ಡ್‌ನಿಂದ ಡಾಲರ್ ಕಡಿತ ಸರಿಯಾಗಿ ಆಗುತ್ತಿರಲಿಲ್ಲ, ವರ್ಷದ್ದು ಒಮ್ಮೆಲೇ ಕಟ್ಟಿದೆ. ರಿನ್ಯೂವಲ್‌ಗೆ ಹೋಗುತ್ತಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿಯಿತು.

ಕೆಲವು ಪ್ರಯೋಗ ನಿಲ್ಲಲಿಲ್ಲ. ಭಾರತದ ಹೊರಗಿನಿಂದ ಬರುವವರನ್ನೆಲ್ಲ ತಡೆದು ನೋಡಿದೆ. ದುಬೈ, ಅಮೆರಿಕದಲ್ಲಿ ಕೂತು ಅಪ್ಪನ ಲೆಕ್ಕ ನೋಡುವ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ಅವತ್ತೇ ಗೊತ್ತಾಯಿತು. ಐಪಿ ಲೆಕ್ಕದಲ್ಲಿ ರೇಟ್ ಲಿಮಿಟ್ (ಇಷ್ಟು ಹೊತ್ತಿಗೆ ಇಷ್ಟೇ ಸಲ ಅನ್ನುವ ಮಿತಿ) ಹಾಕಿದರೆ ಮೊಬೈಲ್ ನೆಟ್‌ವರ್ಕ್‌ನಲ್ಲಿ ನೂರಾರು ಜನ ಒಂದೇ ಐಪಿ ಹಂಚಿಕೊಂಡಿರುತ್ತಾರೆ, ಒಬ್ಬನ ಗಲಾಟೆಗೆ ನಾಪೋಕ್ಲುವಿನ ಪಾಪದವರೂ ಹೊರಗೆ. ಈಗ ಸೋತ ಲಾಗಿನ್‌ಗಳನ್ನು ಮಾತ್ರ ಎಣಿಸುತ್ತೇನೆ, ಬಳಕೆದಾರರ ಹೆಸರಿನ ಜೊತೆ ಸೇರಿಸಿ. ಸಂಖ್ಯೆ ಎಷ್ಟು ಅಂತ ಕೇಳಬೇಡಿ. ಬಂದವರು ಮನುಷ್ಯರೋ ಬಾಟೋ ಅಂತ ಪರೀಕ್ಷಿಸುವ ಚಾಲೆಂಜ್ ಪೇಜ್ ಅನ್ನು ಎಲ್ಲರಿಗೂ ತೋರಿಸೋದೂ ಆಗದ ಕೆಲಸ. ಭಾಗಮಂಡಲದ ಕಡೆ ಸಿಗ್ನಲ್ ಒಂದೇ ಕಡ್ಡಿ ಇರುವಾಗ, ಹಳೇ ಫೋನ್‌ನಲ್ಲಿ ಅದು ಸುಮ್ನೆ ಸುತ್ತುತ್ತಲೇ ಇರುತ್ತದೆ. ಈಗ ಡೇಟಾ ಸೆಂಟರ್ ನೆಟ್‌ವರ್ಕ್‌ಗಳಿಂದ ಬಂದವರಿಗೆ ಮಾತ್ರ ಚಾಲೆಂಜ್.

ಮಡಿಕೇರಿ ಸುತ್ತ ಕೆಲವು ಹೋಮ್‌ಸ್ಟೇ ಸೈಟ್‌ಗಳಿಗೂ ಇದನ್ನೇ ಹಾಕಿಕೊಟ್ಟೆ. ಅಲ್ಲಿ ಬೇರೆ ಕಥೆ. ದುಡ್ಡು ಕಟ್ಟಿದ್ದಾರೆ, ಬುಕಿಂಗ್ ಮಾತ್ರ ಪೆಂಡಿಂಗ್. ದುಡ್ಡು ಬಂತು ಅಂತ ಪೇಮೆಂಟ್ ಗೇಟ್‌ವೇ ತಾನಾಗಿ ಕಳಿಸುವ ಸಂದೇಶಕ್ಕೂ (ವೆಬ್‌ಹುಕ್) ಬಾಟ್ ರೂಲ್ ಚಾಲೆಂಜ್ ತೋರಿಸುತ್ತಿತ್ತು. ಯಂತ್ರ ಅದನ್ನು ದಾಟೋದು ಹೇಗೆ? ಆ ಒಂದು ಪಾತ್‌ಗೆ ವಿನಾಯಿತಿ ಕೊಟ್ಟು, ಸಂದೇಶ ಗೇಟ್‌ವೇಯದ್ದೇ ಅಂತ ತೋರಿಸುವ ಸಿಗ್ನೇಚರ್ ಪರೀಕ್ಷೆಯನ್ನು ಕೋಡ್‌ನಲ್ಲಿ ಕಡ್ಡಾಯ ಮಾಡಿಸಿದೆ. ಕಾರ್ಡ್ ವಿವರ ತಮ್ಮ ಪೇಜಿನಲ್ಲೇ ತೆಗೆದುಕೊಳ್ಳುವ ಸೈಟ್ ಇಟ್ಟವರು ಕಾರ್ಡ್ ಭದ್ರತೆಯ ನಿಯಮಾವಳಿಯಾದ ಪಿಸಿಐ ಡಿಎಸ್‌ಎಸ್‌ನ 6.4.2 ಓದಿಕೊಳ್ಳಿ. 2025ರ ಮಾರ್ಚ್ 31ರಿಂದ ವೆಬ್ ದಾಳಿ ತಾನಾಗಿ ಹಿಡಿದು ತಡೆಯುವ ವ್ಯವಸ್ಥೆ ಕಡ್ಡಾಯ.

'ವಾಫ್ ಕಂಪನಿಯವರೇ ಬಿದ್ದರೆ?' ಅನ್ನುವ ಪ್ರಶ್ನೆ ಗೆಳೆಯರು ಈಗಲೂ ಬಿಟ್ಟಿಲ್ಲ. ನ್ಯಾಯವಾದ ಪ್ರಶ್ನೆ. 2019ರ ಜುಲೈ 2ರಂದು ಇಂಥದ್ದೇ ಕಂಪನಿಯಾದ ಕ್ಲೌಡ್‌ಫ್ಲೇರ್‌ನಲ್ಲಿ ವಾಫ್ ರೂಲಿನ ಒಂದು ರೆಜೆಕ್ಸ್ (ಅಕ್ಷರಗಳನ್ನು ಹುಡುಕುವ ಮಾದರಿ) ಸಿಪಿಯು ಪೂರ್ತಿ ತಿಂದು, ಅರ್ಧ ಗಂಟೆ ಹತ್ತಿರ ಜಗತ್ತಿನ ಎಷ್ಟೋ ಸೈಟ್ ನಿಂತವು. ವಾಫ್‌ನ ಡ್ಯಾಶ್‌ಬೋರ್ಡೇ ತೆರೆಯದಿದ್ದರೆ ಡಿಎನ್ಎಸ್ ತಿರುಗಿಸೋದು ಹೇಗೆ ಅಂತ ಮುಂಚೆಯೇ ಯೋಚಿಸಿ. ನಾನು ಡೊಮೇನ್ ರಿಜಿಸ್ಟ್ರಾರ್ (ಸೈಟ್ ಹೆಸರು ನೋಂದಾಯಿಸುವ ಕಂಪನಿ) ಖಾತೆಯನ್ನು ಬೇರೆ ಕಂಪನಿಯಲ್ಲೇ ಇಟ್ಟಿದ್ದೇನೆ. ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದಂತೆ ಮಾಡುವ ಗೂಢಲಿಪಿ) ವಾಫ್ ಕಂಪನಿಯ ಬಳಿ ಬಿಚ್ಚುತ್ತದೆ, ಅಂದರೆ ಒಳಗಿನದ್ದು ಅವರಿಗೆ ಕಾಣುತ್ತದೆ ಅನ್ನುವುದೂ ನಿಜ. ಅದಕ್ಕೇ ಸಂಬಳ, ಅಕೌಂಟ್ಸ್ ಪೇಜುಗಳನ್ನು ವಿಪಿಎನ್ (ನಮ್ಮವರಿಗೆ ಮಾತ್ರ ಇರುವ ಖಾಸಗಿ ದಾರಿ) ಹಿಂದೆ ಸರಿಸಿದೆ, ಅವು ವಾಫ್ ದಾರಿಯಲ್ಲಿ ಹೋಗುವುದೇ ಇಲ್ಲ.

ಲಾಗ್ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದಂತೆ 180 ದಿನದ ಲಾಗ್ ಇಡಬೇಕು, ಸೈಬರ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಕಡಿಮೆ ದರದ ಪ್ಲಾನ್‌ಗಳಲ್ಲಿ ವಾಫ್ ಲಾಗ್ ಅಷ್ಟು ದಿನ ಉಳಿಯುವುದಿಲ್ಲ. ಒಂದು ಚಿಕ್ಕ ಸ್ಕ್ರಿಪ್ಟ್ ದಿನಾ ರಾತ್ರಿ ಅದನ್ನು ಎಳೆದು ನಮ್ಮ ಡಿಸ್ಕ್‌ಗೆ ಹಾಕುತ್ತದೆ. ಕರೆಂಟ್ ಹೋಗಿದ್ದರೆ ಬೆಳಗ್ಗೆ ಮತ್ತೆ ಓಡುತ್ತದೆ. ಹಳೇ ಬಾಕ್ಸ್ ಈಗ ಆಫೀಸ್ ವೈ-ಫೈಗೆ ಮಾತ್ರ, ರಿನ್ಯೂವಲ್ ಇಲ್ಲದೆ.