ಖಾಲಿ ಫ್ಲೋರಿನ ಮುಂದೆ ಎರಡೂವರೆ ಗಂಟೆ: ವಾರ್ಮ್‌ಅಪ್ ಸೆಟ್‌ನಲ್ಲಿ ನನಗೆ ಫಲ ಕೊಟ್ಟ ಕ್ರಮ

ಕ್ಲಬ್ಬಿನ ಬಾಗಿಲು ತೆರೆದಾಗಿನಿಂದ ಅತಿಥಿ ಡಿಜೆ ಬೂತಿಗೆ ಬರುವವರೆಗಿನ ಎರಡೂವರೆ ಗಂಟೆಗೆ, ಅಂದರೆ ವಾರ್ಮ್‌ಅಪ್ ಸೆಟ್‌ಗೆ, ನಾನು ಮೂರು ಮಿತಿಗಳನ್ನು ಹಾಕಿಕೊಂಡಿದ್ದೇನೆ. ಸದ್ದನ್ನು ಆ ರಾತ್ರಿಯ ಗರಿಷ್ಠ ಮಟ್ಟಕ್ಕಿಂತ ಹತ್ತು ಹನ್ನೊಂದು ಡೆಸಿಬಲ್ ಕೆಳಗಿನಿಂದ ಆರಂಭಿಸುತ್ತೇನೆ. ಮೊದಲ ಮುಕ್ಕಾಲು ಗಂಟೆ ಬೇಸನ್ನು ಅರ್ಧ ಮಾತ್ರ ತೆರೆಯುತ್ತೇನೆ. ವೇಗವನ್ನು 104 ಬಿಪಿಎಂ (ನಿಮಿಷಕ್ಕೆ ಬೀಟ್‌ಗಳ ಸಂಖ್ಯೆ) ಆಸುಪಾಸಿನಿಂದ ಹೊರಡಿಸಿ, ಫ್ಲೋರ್ ಎಷ್ಟೇ ತುಂಬಿದರೂ 121 ದಾಟಿಸುವುದಿಲ್ಲ. ಈ ಕ್ರಮವನ್ನು ಮೊದಲು ವಿವರಿಸಿದಾಗ ಜೊತೆಯ ಡಿಜೆಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಬೇಸ್ ಇಲ್ಲದ ಕ್ಲಬ್ಬಿನಲ್ಲಿ ಯಾರು ನಿಲ್ಲುತ್ತಾರೆ ಎಂದು ಒಬ್ಬರು ಕೇಳಿದರು. ಖಾಲಿ ಫ್ಲೋರ್ ಕಂಡು ಜನ ಬಾಗಿಲಿನಿಂದಲೇ ಹಿಂದಿರುಗುತ್ತಾರೆ ಎಂದು ಇಬ್ಬರು ಪ್ರಮೋಟರ್‌ಗಳು ಖಚಿತವಾಗಿ ಹೇಳಿದರು. ಇಂದು ಹೊರಗಿನಿಂದ ದೊಡ್ಡ ಹೆಸರಿನವರು ಬರುವ ರಾತ್ರಿಗಳಿಗೆ ಅದೇ ಇಬ್ಬರು ಮೊದಲು ಕರೆ ಮಾಡುವುದು ನನಗೆ. ಹೇಗೆ ಮಾಡುತ್ತೀರಿ ಎಂದು ಈಚೆಗೆ ಹಲವರು ಕೇಳುತ್ತಿರುವುದರಿಂದ, ಬೀಟ್ ಮ್ಯಾಚಿಂಗ್, ಕೀ ಹೊಂದಿಸುವಿಕೆಯಂತಹ ಗೊತ್ತಿರುವ ವಿಷಯಗಳನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೇನೆ.

ಈ ಕ್ರಮಕ್ಕೆ ಬರುವ ಮುನ್ನ, ಎಲ್ಲರೂ ಸಲಹೆ ಮಾಡುವ ದಾರಿಗಳನ್ನೆಲ್ಲ ನಡೆದು ನೋಡಿದ್ದೇನೆ. ಅತಿಥಿ ನುಡಿಸುವ ಶೈಲಿಯನ್ನೇ ಸ್ವಲ್ಪ ಮೆದುವಾಗಿಸಿ ನುಡಿಸಬೇಕೆಂಬುದು ಅವುಗಳಲ್ಲಿ ಮೊದಲನೆಯದು. ಹೆಚ್ಚುಕಡಿಮೆ ಒಂದು ವರ್ಷ ಹಾಗೆಯೇ ಮಾಡಿದೆ. ಹನ್ನೊಂದು ಗಂಟೆಗೆ 124, ಹನ್ನೆರಡಕ್ಕೆ 128 ತಲುಪುತ್ತಿತ್ತು. ಫ್ಲೋರ್ ಬೇಗನೆ ತುಂಬುತ್ತಿತ್ತು, ಆದರೆ ಅತಿಥಿ ಬಂದು ತನ್ನ ಮೊದಲ ಟ್ರ್ಯಾಕ್ ಹಾಕುವಷ್ಟರಲ್ಲಿ ಏರಲು ಮೆಟ್ಟಿಲೇ ಉಳಿದಿರುತ್ತಿರಲಿಲ್ಲ. ಅವರು ಸದ್ದು ಏರಿಸಿದರೆ, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಅಡ್ಡ ಬರುತ್ತಿತ್ತು. ಒಂದೂವರೆಯ ಹೊತ್ತಿಗೆ ಕೋಣೆ ಅರ್ಧ ಖಾಲಿಯಾಗುತ್ತಿತ್ತು. ಎರಡನೆಯದು ಇದಕ್ಕೆ ತದ್ವಿರುದ್ಧವಾದ ದಾರಿ. ಇಬಿಜಾ ದ್ವೀಪದ ಕೆಫೆ ಡೆಲ್ ಮಾರ್‌ನಲ್ಲಿ ಡಿಜೆ ಹೋಸೆ ಪಡಿಯಾ ಸೂರ್ಯಾಸ್ತಕ್ಕೆ ನುಡಿಸಿ ಹೆಸರಾಗಿಸಿದ ತಾಳವಿಲ್ಲದ, ತೇಲುವ ಸಂಗೀತದಿಂದ ಆರಂಭಿಸಿದೆ. ಎದುರಿಗೆ ಸಮುದ್ರ ಮತ್ತು ಮುಳುಗುವ ಸೂರ್ಯ ಇರುವಲ್ಲಿ ಅದು ಸಾಕಾಗುತ್ತದೆ. ನಾಲ್ಕು ಕಪ್ಪು ಗೋಡೆಗಳ ನಡುವೆ ಜನ ಅದರ ಮೇಲೆಯೇ ಗಟ್ಟಿಯಾಗಿ ಮಾತನಾಡುತ್ತಾರೆ, ಮುಂದೆ ತಾಳ ಬಂದಾಗ ಅದು ತಮ್ಮ ಮಾತಿಗೆ ಅಡ್ಡಿಯಾಯಿತೆಂದು ಭಾವಿಸುತ್ತಾರೆ. ಮೂರನೆಯದಾಗಿ, ಎಲ್ಲರಿಗೂ ಗೊತ್ತಿರುವ ಹಾಡುಗಳು: ಎರಡು ಹಾಡಿಗೆ ಕುಣಿದು ಮೂರನೆಯದಕ್ಕೆ ಹೊರಟುಬಿಡುತ್ತಾರೆ, ಉಳಿದವರು ಬೂತಿಗೆ ಬಂದು ತಮ್ಮ ಹಾಡು ಕೇಳುತ್ತಾರೆ. ಈ ಪ್ರಯೋಗಗಳು ನಡೆಯುತ್ತಿದ್ದ ಕಾಲದಲ್ಲಿ ಒಂದು ಕ್ಲಬ್ ನನ್ನ ವಾರದ ಸರದಿಯನ್ನು ತಿಂಗಳಿಗೊಂದಕ್ಕೆ ಇಳಿಸಿತು, ಆದಾಯ ಕಾಲು ಭಾಗಕ್ಕೆ ಬಂದು ನಿಂತಿತು.

ದಾರಿ ತೋರಿಸಿದ್ದು ಸದ್ದಿನ ಲೆಕ್ಕ. ಕಿವಿಗೆ ಸದ್ದು ಎರಡು ಪಟ್ಟಾದಂತೆ ಕೇಳಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಷ್ಟು ಏರಲು ಆಂಪ್ಲಿಫೈಯರ್ ಹತ್ತು ಪಟ್ಟು ಶಕ್ತಿ ಕೊಡಬೇಕು. ಆರಂಭದಲ್ಲಿಯೇ ಗರಿಷ್ಠ ಮಟ್ಟದ ಹತ್ತಿರ ನುಡಿಸಿದರೆ, ಮುಂದೆ ಎಷ್ಟು ಒಳ್ಳೆಯ ಟ್ರ್ಯಾಕ್ ಹಾಕಿದರೂ ಕೋಣೆ ದೊಡ್ಡದಾದ ಅನುಭವ ಯಾರಿಗೂ ಆಗುವುದಿಲ್ಲ. ಕಿವಿಯ ದಣಿವು ಇದರ ಇನ್ನೊಂದು ಮುಖ. ಕಾರ್ಮಿಕರ ಆರೋಗ್ಯಕ್ಕಾಗಿ ಅಮೆರಿಕದ ನಿಯೋಷ್ ಸಂಸ್ಥೆ ಸೂಚಿಸಿರುವ ಪ್ರಮಾಣ 85 ಡೆಸಿಬಲ್‌ಗೆ ಎಂಟು ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧವಾಗುತ್ತ ಹೋಗಿ 100ಕ್ಕೆ ಹದಿನೈದು ನಿಮಿಷ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ತಾಣಗಳಿಗೆ ಪ್ರಕಟಿಸಿದ ಮಾನದಂಡದಲ್ಲಿಯೂ ಹದಿನೈದು ನಿಮಿಷಗಳ ಸರಾಸರಿ 100 ಡೆಸಿಬಲ್ ದಾಟಬಾರದೆಂದಿದೆ. ಹತ್ತು ಗಂಟೆಗೆ ಬಂದವರ ಕಿವಿ ಹನ್ನೆರಡರೊಳಗೆ ಮಂಕಾದರೆ ಅತಿಥಿಯ ಸಂಗೀತ ಅವರಿಗೆ ಮಂಕಾಗಿಯೇ ಕೇಳುತ್ತದೆ, ಅದನ್ನು ಸರಿಪಡಿಸಲು ಅತಿಥಿ ಇನ್ನಷ್ಟು ಏರಿಸುತ್ತಾರೆ.

ಒಂದು ರಾತ್ರಿಯ ಪೂರ್ತಿ ಸಂಭಾವನೆ ಕೊಟ್ಟು ಸದ್ದು ಅಳೆಯುವ ಮೀಟರ್ ಕೊಂಡೆ. ಈ ಕೆಲಸದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಅದು. ಫ್ಲೋರಿನ ನಡುವೆ ಅಳೆದಾಗ ನನ್ನ ಆರಂಭ 88ರ ಸುತ್ತಮುತ್ತ ಇರುತ್ತದೆ. ಅಂದಾಜು 20 ನಿಮಿಷಕ್ಕೊಂದು ಡೆಸಿಬಲ್‌ನಂತೆ ಏರುತ್ತ ಬೂತ್ ಒಪ್ಪಿಸುವ ಹೊತ್ತಿಗೆ 95 ಆಗುತ್ತದೆ, ಅತಿಥಿಗೆ 3–4 ಡೆಸಿಬಲ್ ಉಳಿದಿರುತ್ತದೆ. ಇದನ್ನು ಒಂದೊಂದು ಚಾನೆಲ್ಲಿನ ಸದ್ದು ಹೊಂದಿಸುವ ಟ್ರಿಮ್‌ನಲ್ಲಿ ಮಾಡದೆ, ಒಟ್ಟು ಸದ್ದಿನ ಮಾಸ್ಟರ್ ಗುಂಡಿಯಲ್ಲಿ ಮಾಡುತ್ತೇನೆ. ಸಂಜೆ ಸೌಂಡ್ ಎಂಜಿನಿಯರ್ ಜೊತೆ ನಿಂತು ಗರಿಷ್ಠ ಸ್ಥಾನವನ್ನು ಗುರುತಿಸಿ, ಮಿಕ್ಸರಿನ ಮೇಲೆ ಬಿಳಿಯ ಟೇಪಿನ ಚೂರೊಂದನ್ನು ಅಂಟಿಸುತ್ತೇನೆ. ಬೂತ್ ಮಾನಿಟರ್ ಸಹ ಅದೇ ಪ್ರಮಾಣದಲ್ಲಿ ತಗ್ಗಿರಬೇಕು. ಇಲ್ಲವಾದರೆ ಹೊರಗಿನ ಮಟ್ಟ ಕಡಿಮೆಯಾಯಿತೆಂದು ನಮಗೆ ತೋರುವುದೂ ಇಲ್ಲ, ಹೆಚ್ಚಾಯಿತೆಂದು ತೋರುವುದೂ ಇಲ್ಲ.

ಬೇಸ್ ವಿಷಯಕ್ಕೆ ಅತಿ ಹೆಚ್ಚು ವಿರೋಧ ಬಂದಿತ್ತು. ಜನರ ಮೈ ಮತ್ತು ಬಟ್ಟೆ ಮೇಲಿನ ಹಾಗೂ ನಡುವಿನ ಸ್ವರಗಳನ್ನು ಹೀರಿಕೊಳ್ಳುತ್ತವೆ. ಖಾಲಿ ಕೋಣೆಯಲ್ಲಿ ಹೈ ಹ್ಯಾಟ್ (ಡ್ರಮ್ಮಿನ ತಾಳ) ಸದ್ದು ಗೋಡೆಗೆ ಬಡಿದು ಕಿವಿ ಚುಚ್ಚುತ್ತದೆ, ಬೇಸ್ ಮೂಲೆಗಳಲ್ಲಿ ಗುಂಯ್‌ಗುಡುತ್ತದೆ. ಆದ್ದರಿಂದ ಆರಂಭದಲ್ಲಿ ಹೈ ಗುಂಡಿಯನ್ನು ನಡುವಿನಿಂದ ತುಸುವೇ ಎಡಕ್ಕೆ, ಲೋ ಗುಂಡಿಯನ್ನು ಗಡಿಯಾರದ ಮುಳ್ಳಿನ 10 ಗಂಟೆಯ ದಿಕ್ಕಿಗೆ ತಿರುಗಿಸಿ ಇಡುತ್ತೇನೆ. ಕಿಕ್‌ಗಿಂತ (ದೊಡ್ಡ ಡ್ರಮ್ಮಿನ ಏಟಿಗಿಂತ) ಬೇಸ್‌ಲೈನ್ ಮುಂದಿರುವ, ಕೈಯಿಂದ ನುಡಿಸಿದ ತಾಳವಾದ್ಯ ಇರುವ ಟ್ರ್ಯಾಕ್‌ಗಳನ್ನೇ ಆಯ್ದುಕೊಳ್ಳುತ್ತೇನೆ, ಏಕೆಂದರೆ ಬರಿಯ ಕಿಕ್ ಮೇಲೆ ನಿಂತ ಟ್ರ್ಯಾಕ್‌ನ ಬೇಸ್ ತೆಗೆದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಮುಕ್ಕಾಲು ಗಂಟೆಯ ನಂತರ, ಆರೇಳು ಟ್ರ್ಯಾಕ್‌ಗಳ ಅವಧಿಯಲ್ಲಿ, ಪ್ರತಿ ಬಾರಿಯೂ 16 ಅಥವಾ 32 ಬಾರ್ (ನಾಲ್ಕು ಬೀಟ್‌ಗಳ ಆವರ್ತ) ಮುಗಿಯುವ ಅಂಚಿನಲ್ಲಿ, ಒಂದೊಂದು ಗೆರೆ ತೆರೆಯುತ್ತ ಹೋಗುತ್ತೇನೆ. ಮೊದಲ ಸಲ ಇದನ್ನು ಮಾಡಿದಾಗ ಸಬ್ ವೂಫರಿನ ಆಂಪ್ಲಿಫೈಯರ್ ಕೆಟ್ಟಿದೆಯೆಂದು ಎಂಜಿನಿಯರ್ ರ‍್ಯಾಕ್ ನೋಡಲು ಹೋಗಿದ್ದರು. ಅದೇ ರಾತ್ರಿ ಹನ್ನೊಂದು ದಾಟಿದ ಮೇಲೆ ಲೋ ಗುಂಡಿ ನಡುವಿಗೆ ಬಂದಾಗ, ಟ್ರ್ಯಾಕ್ ಬದಲಾಗದೆ, ವೇಗ ಬದಲಾಗದೆ, ಬಾರ್ ಪಕ್ಕ ನಿಂತಿದ್ದವರು ಮಾತು ನಿಲ್ಲಿಸದೆಯೇ ಫ್ಲೋರಿನತ್ತ ಸರಿದರು. ಹತ್ತು ನಿಮಿಷದಲ್ಲಿ ಅರ್ಧ ಫ್ಲೋರ್ ತುಂಬಿತು. ನನ್ನೊಡನೆ ವಾದಿಸಿದ್ದ ಪ್ರಮೋಟರ್ ಅಲ್ಲಿಯೇ ನಿಂತು ನೋಡುತ್ತಿದ್ದರು. ಅಂದಿನಿಂದ ಈ ವಿಷಯದಲ್ಲಿ ಅವರು ನನಗೆ ಏನನ್ನೂ ಹೇಳಿಲ್ಲ.

ನಿಧಾನವಾದ, ಆದರೆ ಭಾರವುಳ್ಳ ಸಂಗೀತ ಬೇಕಾದಷ್ಟು ಸಿಗದಿದ್ದುದು ಮುಂದಿನ ತೊಡಕು. 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ರೆಕಾರ್ಡನ್ನು 33ರಲ್ಲಿ ತಿರುಗಿಸಿ, ವೇಗ ಹೊಂದಿಸುವ ಪಿಚ್ಚನ್ನು ಹಳೆಯ ಟೆಕ್ನಿಕ್ಸ್ ಟರ್ನ್‌ಟೇಬಲಿನ ಗರಿಷ್ಠವಾದ 8 ಪ್ರತಿಶತಕ್ಕೆ ಏರಿಸಿದರೆ 130ರ ಟ್ರ್ಯಾಕ್ ಸರಿಯಾಗಿ 104ಕ್ಕೆ ಬಂದು ನಿಲ್ಲುತ್ತದೆ. 1980ರ ದಶಕದಲ್ಲಿ ಬೆಲ್ಜಿಯಮ್ಮಿನ ಡಿಜೆಗಳು ಹೀಗೆಯೇ ಮಾಡಿ ನ್ಯೂ ಬೀಟ್ ಎಂಬ ಒಂದು ಪ್ರಕಾರವನ್ನೇ ಹುಟ್ಟಿಸಿದರು. ನಾನು ಅದನ್ನು ಸಿಡಿಜೆಯಲ್ಲಿ (ಡಿಜೆಗಳ ಡಿಜಿಟಲ್ ಪ್ಲೇಯರ್) ಮಾಡುತ್ತೇನೆ: ಟೆಂಪೊ ವ್ಯಾಪ್ತಿಯನ್ನು ವೈಡ್‌ಗೆ ಇಟ್ಟು, ವೇಗ ಬದಲಾದರೂ ಸ್ವರವನ್ನು ಹಾಗೆಯೇ ಇಡುವ ಮಾಸ್ಟರ್ ಟೆಂಪೊವನ್ನು ಆಫ್ ಮಾಡಿ, 20 ಪ್ರತಿಶತ ಇಳಿಸಿದರೆ ಅದೇ ಫಲ. ಸ್ವರವೂ ಜೊತೆಗೆ ಇಳಿಯುವುದರಿಂದ ಧ್ವನಿಗೆ ದಪ್ಪ ಬರುತ್ತದೆ. ನೂರಾರು ಟ್ರ್ಯಾಕ್‌ಗಳ ಮೇಲೆ ಇದನ್ನು ಪರೀಕ್ಷಿಸಿದ್ದೇನೆ. ಹಾಡುವ ಧ್ವನಿ ಇರುವುದೆಲ್ಲ ಕೆಡುತ್ತದೆ, ಲೋಹದ ಸದ್ದಿನ ತಾಳ ಇರುವುದರಲ್ಲಿ ಕೆಲವು ಅದ್ಭುತವಾಗುತ್ತವೆ. ಹತ್ತು ಹನ್ನೆರಡು ಇಂದಿಗೂ ನನ್ನ ಫೋಲ್ಡರಿನಲ್ಲಿವೆ. ಅವುಗಳ ಹೆಸರನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಹಳಬರ ಪದ್ಧತಿಗಳನ್ನೂ ಪ್ರಯೋಗಿಸಿ ನೋಡಿದೆ. ನ್ಯೂಯಾರ್ಕಿನಲ್ಲಿ 1970ರಲ್ಲಿ ತಮ್ಮ ಮನೆಯಲ್ಲಿಯೇ ದಿ ಲಾಫ್ಟ್ ಕೂಟಗಳನ್ನು ಆರಂಭಿಸಿದ ಡೇವಿಡ್ ಮ್ಯಾಂಕುಸೊ ರಾತ್ರಿಯನ್ನು ಶಾಂತ, ಸಂಭ್ರಮ, ಮರಳುವಿಕೆ ಎಂಬ ಮೂರು ಘಟ್ಟಗಳಾಗಿ ಕಾಣುತ್ತಿದ್ದರು, ಮುಂದೆ ಮಿಕ್ಸಿಂಗ್ ಬಿಟ್ಟು ಪ್ರತಿ ರೆಕಾರ್ಡನ್ನೂ ಮೊದಲಿನಿಂದ ಕೊನೆಯವರೆಗೆ ನುಡಿಸುತ್ತಿದ್ದರು. ಮೊದಲ ಅರ್ಧ ಗಂಟೆ ಹಾಗೆ ನುಡಿಸಿದಾಗ, ಎರಡು ಟ್ರ್ಯಾಕ್‌ಗಳ ನಡುವಿನ ಮೌನದಲ್ಲಿ ಕ್ಲಬ್ಬಿನ ಎಲ್ಲರೂ ಬೂತಿನತ್ತ ತಿರುಗಿ ನೋಡಿದರು. ಅವರ ಮನೆಗೆ ಬರುತ್ತಿದ್ದವರು ಆಹ್ವಾನಿತರು, ಕೇಳಲೆಂದೇ ಬಂದವರು. ಬಾರ್ ಇರುವ ಕೋಣೆಗೆ ಅದು ಒಗ್ಗಲಿಲ್ಲ. ಪೂರ್ತಿ ಟ್ರ್ಯಾಕ್ ನುಡಿಸುವುದನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಹಾಗಾಗಿ ಎರಡೂವರೆ ಗಂಟೆಗೆ ಇಪ್ಪತ್ತೈದು ಟ್ರ್ಯಾಕ್ ಸಾಕಾಗುತ್ತದೆ, ಒಂದರಿಂದ ಒಂದಕ್ಕೆ ವೇಗ ಒಂದು ಬಿಪಿಎಂಗಿಂತ ಹೆಚ್ಚು ಏರುವುದಿಲ್ಲ. ನ್ಯೂಯಾರ್ಕಿನದೇ ಪ್ಯಾರಡೈಸ್ ಗರಾಜ್ ಕ್ಲಬ್ಬಿನಲ್ಲಿ ಡಿಜೆ ಲ್ಯಾರಿ ಲೆವನ್ ರಾತ್ರಿ ಬೆಳೆದಂತೆ ಟರ್ನ್‌ಟೇಬಲಿಗೆ ಇನ್ನಷ್ಟು ಉತ್ತಮವಾದ, ಸೂಜಿ ಕೂರುವ ಕಾರ್ಟ್ರಿಜ್‌ಗಳನ್ನು ಹಾಕುತ್ತಿದ್ದರೆಂದು ಹೇಳುತ್ತಾರೆ. ಸದ್ದಿನ ಗುಣವನ್ನೇ ತಡೆದಿಟ್ಟು ಕೊಡುವ ಆ ಯೋಚನೆಗೆ ನನ್ನ ಬೇಸ್ ಕ್ರಮ ಬಹಳ ಹತ್ತಿರದ್ದೆಂದು ನಂಬಿದ್ದೇನೆ.

ಸಂಭಾವನೆ ಏರಿದ್ದು ಸಂಗೀತದ ವಾದದಿಂದಲ್ಲ. ಆರಂಭದ ಡಿಜೆಗೆ ಅತಿಥಿಯ ಮೊತ್ತದ ಹತ್ತರಲ್ಲೊಂದು ಪಾಲೂ ಸಿಗುವುದು ಕಷ್ಟ, ಮೊದಲ ವರ್ಷಗಳಲ್ಲಿ ಬಂದುದರ ಅರ್ಧಕ್ಕಿಂತ ಹೆಚ್ಚು ಟ್ರ್ಯಾಕ್ ಕೊಳ್ಳುವುದಕ್ಕೇ ಹೋಗುತ್ತಿತ್ತು. ಈ ಕ್ರಮ ಹಿಡಿದು ಕೆಲವು ತಿಂಗಳಾದ ಮೇಲೆ ಮ್ಯಾನೇಜರನ್ನು ಕೇಳಿ ಮೊದಲ ಎರಡು ಗಂಟೆಯ ಬಾರ್ ವ್ಯಾಪಾರದ ಅಂಕಿಗಳನ್ನು ನೋಡಿದೆ. ನನ್ನ ರಾತ್ರಿಗಳಲ್ಲಿ ಅದು ನೆನಪಿರುವಂತೆ ಕಾಲು ಭಾಗದಷ್ಟು ಹೆಚ್ಚಿತ್ತು. ಕೂಗದೆ ಮಾತನಾಡಲು ಸಾಧ್ಯವಿರುವ ಕಡೆ ಜನ ಬೇಗ ಬರುತ್ತಾರೆ, ಬಾರ್ ಹತ್ತಿರ ಹೆಚ್ಚು ಹೊತ್ತು ಇರುತ್ತಾರೆ. ಆ ಅಂಕಿಗಳನ್ನು ಮುಂದಿಟ್ಟು ಕೇಳಿದೆ, ನನ್ನ ಮೊತ್ತ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸೆಟ್ ನಡೆಯುವಾಗಲೂ ಮೊದಲ ಗಂಟೆ ನಾನು ಫ್ಲೋರ್ ನೋಡುವುದಿಲ್ಲ. ಬಾರ್ ಬಳಿ ನಿಂತವರ ಭುಜಗಳನ್ನು ನೋಡುತ್ತೇನೆ. ಮಾತಿನ ನಡುವೆಯೇ ಭುಜಗಳು ತಾಳಕ್ಕೆ ಆಡತೊಡಗಿದರೆ ಬೇಸ್ ತೆರೆಯುವ ಹೊತ್ತು ಬಂದಿದೆ.

ಫ್ಲೋರ್ ನಿರೀಕ್ಷೆಗಿಂತ ಬೇಗ ತುಂಬಿದಾಗ ಮಿತಿಯನ್ನು ಉಳಿಸಿಕೊಳ್ಳುವುದೇ ಕಠಿಣ. ಹನ್ನೊಂದೂವರೆಗೆ ಯಾರಾದರೂ ಬಂದು ‘ಎತ್ತಿ, ಎತ್ತಿ’ ಎನ್ನುತ್ತಾರೆ. ಆಗ ವೇಗವನ್ನಾಗಲಿ ಸದ್ದನ್ನಾಗಲಿ ಏರಿಸದೆ, ಅದೇ ಬಿಪಿಎಂನಲ್ಲಿ ಬಣ್ಣ ಬದಲಿಸುತ್ತೇನೆ: ತಾಳವಾದ್ಯ ಹೆಚ್ಚಿರುವುದರಿಂದ ಸಿಂಥ್ ಹೆಚ್ಚಿರುವುದಕ್ಕೆ, ಅಲ್ಲಿಂದ ಡಬ್ಬಿನ ಪ್ರತಿಧ್ವನಿ ಇರುವುದಕ್ಕೆ. ದೊಡ್ಡ ಬ್ರೇಕ್‌ಡೌನ್ (ತಾಳ ನಿಲ್ಲುವ ಭಾಗ), ಸ್ನೇರ್ ರೋಲ್ (ಏರುತ್ತ ಹೋಗುವ ಡ್ರಮ್ ಏಟುಗಳು), ಡ್ರಾಪ್ (ತಾಳ ಒಮ್ಮೆಲೇ ಮರಳುವ ಕ್ಷಣ) ಇರುವ ಯಾವುದೂ ನನ್ನ ಫೋಲ್ಡರಿನಲ್ಲಿಯೇ ಇಲ್ಲ, ಇದ್ದರೆ ಕೈ ಅತ್ತ ಹೋಗುತ್ತದೆ. ಅತಿಥಿಯ ಸ್ವಂತ ಟ್ರ್ಯಾಕ್‌ಗಳನ್ನು ಮುಟ್ಟುವುದಿಲ್ಲ. ಅವರ ಈಚಿನ ಎರಡು ಮೂರು ರೆಕಾರ್ಡೆಡ್ ಸೆಟ್‌ಗಳ ಮೊದಲ ಇಪ್ಪತ್ತು ನಿಮಿಷ ಕೇಳಿ, ಅವರು ಎಲ್ಲಿಂದ ಹೊರಡುತ್ತಾರೋ ಅದಕ್ಕಿಂತ ಮೂರು ಬಿಪಿಎಂ ಕೆಳಗೆ ನನ್ನ ಕೊನೆಯನ್ನು ನಿಲ್ಲಿಸುತ್ತೇನೆ. ಸ್ಟ್ರೋಬ್ ಮತ್ತು ಹೊಗೆಯನ್ನು ಹನ್ನೆರಡರವರೆಗೆ ಮುಟ್ಟಬೇಡಿ ಎಂದು ಲೈಟ್ ನಡೆಸುವವರನ್ನು ಕೇಳಿಕೊಂಡು ನೋಡಿದ್ದೇನೆ. ಅವರು ಒಪ್ಪಿದ ರಾತ್ರಿಗಳಲ್ಲಿ ನನ್ನ ಕೆಲಸ ಅರ್ಧವಾಗುತ್ತದೆ.

ಕೊನೆಯ ಟ್ರ್ಯಾಕ್‌ಗೆ ಕನಿಷ್ಠ 64 ಬಾರ್‌ಗಳ, ಸ್ವರವಿಲ್ಲದ ಬರಿಯ ತಾಳದ ಕೊನೆ ಇರಬೇಕು. ಅತಿಥಿ ಬೂತಿಗೆ ಬರುತ್ತಿದ್ದಂತೆ ಯಾವ ಚಾನೆಲ್ ನಡೆಯುತ್ತಿದೆ, ಟೇಪಿನ ಗುರುತು ಎಲ್ಲಿದೆ ಎಂದು ತೋರಿಸಿ, ಇಕ್ಯೂ (ಹೈ, ಲೋ ಮುಂತಾದ) ಗುಂಡಿಗಳನ್ನೆಲ್ಲ ನಡುವಿಗೆ ತಂದು, ಫಿಲ್ಟರ್ ಮತ್ತು ಎಫೆಕ್ಟ್‌ಗಳನ್ನು ಆಫ್ ಮಾಡಿ, ಪಕ್ಕಕ್ಕೆ ಸರಿಯುತ್ತೇನೆ. ಕೊನೆಯ ಹತ್ತು ನಿಮಿಷದಲ್ಲಿ ಕೋಣೆಯನ್ನು ಅತಿಥಿಯ ಮೊದಲ ಕಿಕ್‌ಗೆ ಸಿದ್ಧಗೊಳಿಸಲು ಮಾಡುವ ಇನ್ನೊಂದು ಕೆಲಸವಿದೆ, ಅದು ನನ್ನಲ್ಲಿಯೇ ಇರಲಿ. ಅತಿಥಿ ತಡವಾಗಿ ಬರುವ ರಾತ್ರಿಗಳಿಗೆಂದು 119ರಿಂದ 121ರ ನಡುವಿನ, ಎಲ್ಲಿಯೂ ಏರದ ಸುಮಾರು ನಲವತ್ತು ನಿಮಿಷದ ಟ್ರ್ಯಾಕ್‌ಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿರುತ್ತೇನೆ. ಅದೇ ಫೋಲ್ಡರ್ ಎರಡನೆಯ ಯುಎಸ್‌ಬಿಯಲ್ಲೂ ಇರುತ್ತದೆ, ಎರಡನ್ನೂ ಫ್ಯಾಟ್ 32ರಲ್ಲಿಯೇ ಫಾರ್ಮ್ಯಾಟ್ ಮಾಡಿರುತ್ತೇನೆ, ಏಕೆಂದರೆ ಹಳೆಯ ಪ್ಲೇಯರ್ ಇರುವ ಬೂತ್‌ಗಳು ಇನ್ನೂ ಸಾಕಷ್ಟಿವೆ.